ಕಳೆನಾಶಕ ಹೊಡೆಸಿದ್ದನ್ನು ಫಾದರ್‌ಗೆ ಹೇಳಬೇಕಾ?

ಪ್ರಶ್ನೆ: ಅಡಿಕೆ ತೋಟಕ್ಕೆ ವರ್ಷಾ ವರ್ಷ ಕಳೆನಾಶಕ ಹೊಡೆಸುತ್ತೇನೆ. ಇಗರ್ಜಿಯಲ್ಲಿ ಪರಿಸರದ ಬಗ್ಗೆ ಪ್ರವಚನ ಕೇಳಿದ ಮೇಲೆ ಮನಸ್ಸಿಗೆ ಏನೋ ಕಿರಿಕಿರಿ. ಇದನ್ನೂ ಪಾಪನಿವೇದನೆಯಲ್ಲಿ ಹೇಳಬೇಕಾ?
– ಓದುಗರು, ಬೇಳ

ಉತ್ತರ: ಹೇಳಿ. ಫಾದರ್ ನಗಲಿಕ್ಕಿಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ‘ಲೌದಾತೊ ಸಿ’ ಪತ್ರದ ಶುರುವಿನಲ್ಲೇ, ಆರ್ಥಡಾಕ್ಸ್ ಸಭೆಯ ಮುಖ್ಯಸ್ಥ ಬಾರ್ತಲೋಮಿಯೊ ಅವರ ಮಾತು ಎತ್ತಿಕೊಂಡು, ನೀರು, ಮಣ್ಣು, ಗಾಳಿ ಕೆಡಿಸುವುದು ಪಾಪವೇ ಅಂದಿದ್ದಾರೆ. ಆದರೆ ಶನಿವಾರ ಪಾಪ ಹೇಳಿ ಸೋಮವಾರ ಅದೇ ಕ್ಯಾನ್ ಎತ್ತಿದರೆ ಏನು ಬಂತು?

ಇದನ್ನು ನಮ್ಮ ಕಾಸರಗೋಡು ಜಿಲ್ಲೆಯವರಿಗೆ ರೋಮಿನಿಂದ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಲ್ಲಿನ ಗೇರು ಗುಡ್ಡೆಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಮೇಲೆ ಬಿದ್ದದ್ದು ಕೆಳಗಿನ ತೋಡಿಗೆ, ಬಾವಿಗೆ ಇಳಿಯಿತು. ರೋಗ, ಅಂಗವೈಕಲ್ಯದಿಂದ ನರಳಿದ ಎಣ್ಮಕಜೆ ಕಡೆಯ ಮನೆಗಳ ಕಥೆ ನಿಮಗೂ ಗೊತ್ತು. ನಿಮ್ಮ ಕಳೆನಾಶಕ ಎಂಡೋಸಲ್ಫಾನ್ ಅಲ್ಲ, ಒಪ್ಪಿದೆ. ಆದರೂ ‘ಸ್ವಲ್ಪ ಹೊಡೆದರೆ ಏನೂ ಆಗುವುದಿಲ್ಲ’ ಅನ್ನುವ ಮಾತನ್ನು ನಾವು ಸುಮ್ನೆ ನಂಬಬಾರದು, ಅಲ್ವಾ?

ನಾನೂ ಹೊಡೆಸಿದವನೇ. ಆಳು ಸಿಗಲಿಲ್ಲ, ಸಿಕ್ಕಿದವರ ಸಂಬಳ ಕೇಳಿ ತಲೆ ತಿರುಗಿತು. ಕೆಲವೇ ದಿನದಲ್ಲಿ ಹುಲ್ಲೆಲ್ಲ ಹಳದಿಯಾಗಿ ಒಣಗಿ, ತೋಟ ಗುಡಿಸಿದ ಅಂಗಳದ ಹಾಗೆ ಚೊಕ್ಕವಾಯಿತು. ನನಗೆ ಖುಷಿಯೋ ಖುಷಿ. ಜೂನಿನಲ್ಲಿ ಮಳೆ ಹಿಡಿಯಿತು ನೋಡಿ, ಮೇಲಿನ ಮಣ್ಣೆಲ್ಲ ಕೆಂಪು ನೀರಾಗಿ ತೋಡಿಗೆ ಹೋಗಿ, ಇಳಿಜಾರಿನ ಅಡಿಕೆ ಮರಗಳ ಬೇರು ಕೋಳಿ ಕಾಲಿನ ಹಾಗೆ ಹೊರಗೆ ಬಂತು. ಈಗ ಮೆಷಿನ್‌ನಲ್ಲಿ ಹುಲ್ಲು ಕತ್ತರಿಸಿ ಮರದ ಬುಡಕ್ಕೇ ಹಾಕುತ್ತೇನೆ. ಖರ್ಚು ಜಾಸ್ತಿಯೇ. ಒಮ್ಮೆಗೇ ಬಿಡಲು ಆಗದಿದ್ದರೆ ಬಾವಿ, ತೋಡು, ಗುಡ್ಡೆ ಕೊರೆದು ಮಾಡಿದ ನೀರಿನ ಸುರಂಗದ ಸುತ್ತಮುತ್ತ ಮೊದಲು ನಿಲ್ಲಿಸಿ. ಆ ನೀರನ್ನೇ ಅಲ್ವಾ ನಾವು ಕುಡಿಯುವುದು?

ಪ್ರಶ್ನೆ: ಮೊಂತಿ ಫೆಸ್ತ್‌ಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ತೆನೆ ಆಶೀರ್ವಾದ ಮಾಡಿಸುತ್ತೇವೆ. ನಮ್ಮ ವಾಳೆಯಲ್ಲಿ (ಇಗರ್ಜಿಯ ವಾರ್ಡಿನಲ್ಲಿ) ಒಬ್ಬರಿಗೂ ಗದ್ದೆ ಇಲ್ಲ, ತೆನೆ ಬೇರೆ ಊರಿನಿಂದ ಬರುತ್ತದೆ. ಇದು ಬರೀ ನಾಟಕ ಅನಿಸುವುದಿಲ್ವಾ?
– ಓದುಗರು, ಮಂಜೇಶ್ವರ

ಉತ್ತರ: ನನಗೂ ಅನಿಸಿದ್ದಿದೆ. ನಮ್ಮ ಮನೆ ಎದುರಿನ ಬೈಲು ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಸಸಿ ಇಟ್ಟದ್ದು ನಮ್ಮಪ್ಪನೇ. ಆದರೂ ಸೆಪ್ಟೆಂಬರ್ 8ಕ್ಕೆ ಮಕ್ಕಳು ಆ ಹಸಿ ಭತ್ತವನ್ನು ಉಗುರಿನಲ್ಲಿ ಸುಲಿದು, ನಾಲ್ಕೇ ನಾಲ್ಕು ಕಾಳು ಅಂಗೈಯಲ್ಲಿಟ್ಟುಕೊಂಡು ನೋಡುವಾಗ ಇದನ್ನು ನಿಲ್ಲಿಸೋಣ ಅಂತ ಬಾಯಿ ಬರುವುದಿಲ್ಲ. ಒಂದು ಕೆಲಸ ಮಾಡಬಹುದು. ಇಗರ್ಜಿಯ ಹಿತ್ತಲಲ್ಲಿ ಎರಡು ಸೆಂಟ್ಸ್ ಜಾಗದಲ್ಲಾದರೂ ಭತ್ತ ಬಿತ್ತಿ. ಜೂನಿನಲ್ಲಿ ಮಕ್ಕಳ ಕೈಯಲ್ಲೇ ನೇಜಿ ನೆಡಿಸಿ. ನವಿಲು, ಹಂದಿ ತಿಂದು ಉಳಿದದ್ದು ಹಬ್ಬಕ್ಕೆ ಸಾಕು.

ಪ್ರಶ್ನೆ: ಭೂಮಿಯನ್ನು ತಾಯಿ ಅನ್ನುವುದು ನಮ್ಮ ವಿಶ್ವಾಸಕ್ಕೆ ಸರಿಯಾ?
– ಓದುಗರು, ಬದಿಯಡ್ಕ

ಉತ್ತರ: ಅಸ್ಸಿಸಿಯ ಸಂತ ಫ್ರಾನ್ಸಿಸ್ ತಮ್ಮ ಒಂದು ಹಾಡಿನಲ್ಲಿ ಭೂಮಿಯನ್ನು ತಂಗಿ ಅಂದರು, ತಾಯಿಯೂ ಅಂದರು. ಆದರೆ ಆ ಹಾಡಿನ ಸ್ತುತಿ ಹೋಗುವುದು ದೇವರಿಗೆ. ಪೋಪರ ಪತ್ರದ ಹೆಸರೂ ಅದೇ ಹಾಡಿನದು, ‘ನಿನಗೆ ಸ್ತುತಿ’ ಅಂತ ಅರ್ಥ. ಆದಿಕಾಂಡದ ಎರಡನೇ ಅಧ್ಯಾಯದಲ್ಲೂ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ದುಡಿಯಲಿಕ್ಕೆ, ಕಾಯಲಿಕ್ಕೆ. ಮೊದಲನೆಯದನ್ನು ನಾವು ಚೆನ್ನಾಗಿ ಕಲಿತೆವು.

ಇನ್ನೊಂದು ವಿಷಯ. ಆ ಸಂತರು ತಮ್ಮ ಮಠದ ತೋಟದಲ್ಲಿ ಒಂದು ತುಂಡು ಜಾಗಕ್ಕೆ ಕೈ ಹಾಕಬೇಡಿ, ಕಾಡು ಹೂವು ಬರಲಿ ಅಂತ ಹೇಳುತ್ತಿದ್ದರಂತೆ. ಅದನ್ನು ಓದಿ ನಾನೂ ಹಲಸಿನ ಮರದಡಿಯ ಮೂಲೆ ಹಾಗೇ ಬಿಟ್ಟೆ. ತುಂಬೆ ಬಂತು, ಕೇಪುಳ ಬಂತು, ಚಿಟ್ಟೆಯೂ ಬಂತು. ‘ಹಾವು ಬಂದರೆ ನಿಮ್ಮ ಸಂತರು ಬರುತ್ತಾರಾ?’ ಅಂತ ಹೆಂಡತಿ ಕೇಳಿದಳು. ಬಚ್ಚಲಿಗೆ ಹೋಗುವ ದಾರಿಯ ಬದಿ ಮಾತ್ರ ಕಳೆದ ವಾರ ಕತ್ತಿ ತೆಗೆದುಕೊಂಡು ಸವರಿದ್ದೇನೆ.