ಸಿರಸಂಗಿ ದೇಸಾಯರ ಆಸ್ತಿ ಮತ್ತು ಮಕ್ಕಳ ಓದು

ಪ್ರಶ್ನೆ: ನಮ್ಮ ಕಡೆಯ ಹಿರಿಯರು 'ಲಿಂಗರಾಜರ ದುಡ್ಡಿನಲ್ಲಿ ಓದಿದೆವು' ಎನ್ನುತ್ತಾರೆ. ಯಾರು ಈ ಲಿಂಗರಾಜರು?
– ಓದುಗರೊಬ್ಬರು, ಸವದತ್ತಿ

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಖುಷಿ. ನಮ್ಮ ಅಜ್ಜನ ಬಾಯಲ್ಲೂ ಇದೇ ಮಾತು ಕೇಳಿಕೊಂಡು ಬೆಳೆದವನು ನಾನು. ಅವರು ಆ ಹೆಸರು ಹೇಳುವಾಗ ಕೈಮುಗಿಯುತ್ತಿದ್ದರು.

ಲಿಂಗರಾಜ ದೇಸಾಯಿ ಹುಟ್ಟಿದ್ದು 1861ರಲ್ಲಿ, ಶಿಗ್ಲಿಯಲ್ಲಿ. ನಿಮ್ಮದೇ ತಾಲ್ಲೂಕಿನ ಸಿರಸಂಗಿಯ ದೇಸಗತಿ (ಊರುಗಳ ಕಂದಾಯ ವಸೂಲಿಯ ಹಕ್ಕಿದ್ದ ಜಮೀನ್ದಾರಿ) ಮನೆತನಕ್ಕೆ ದತ್ತು ಬಂದರು. ಹೊಲ, ವಾಡೆ, ಅಧಿಕಾರ ಎಲ್ಲ ಇತ್ತು. ಮಕ್ಕಳಿರಲಿಲ್ಲ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಇನ್ನೊಬ್ಬರನ್ನು ದತ್ತು ತೆಗೆದುಕೊಂಡು ಆಸ್ತಿ ಉಳಿಸಿಕೊಳ್ಳುತ್ತಾರೆ, ಅಲ್ವಾ? ಇವರು ಹಾಗೆ ಮಾಡಲಿಲ್ಲ. ಆಸ್ತಿಯನ್ನು ವೀರಶೈವ ಲಿಂಗಾಯತ ಬಡ ಮಕ್ಕಳ ಓದಿಗೆ ದತ್ತಿಯಾಗಿ ಬಿಟ್ಟು ಮೃತ್ಯುಪತ್ರ ಬರೆದಿಟ್ಟರು. 1906ರಲ್ಲಿ ತೀರಿಕೊಂಡರು. ಆಗಿನ್ನೂ 45 ವರ್ಷ! ಅದಕ್ಕೆ ಎರಡೇ ವರ್ಷ ಮುಂಚೆ, 1904ರಲ್ಲಿ, ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು.

ದತ್ತಿಯ ಲೆಕ್ಕ ಸರಳ. ಮೂಲ ಆಸ್ತಿ ಮುಟ್ಟುವುದಿಲ್ಲ, ಅದರಿಂದ ಬರುವ ಆದಾಯ ಮಾತ್ರ ಖರ್ಚಾಗುತ್ತದೆ. ಜೊತೆಗೆ ಸಾಲದ ರೂಪದ ವಿದ್ಯಾರ್ಥಿವೇತನವೂ ಇತ್ತು. ಓದಿ ಕೆಲಸಕ್ಕೆ ಸೇರಿದವರು ಹಣ ತೀರಿಸಬೇಕು, ಅದು ಮುಂದಿನ ಹುಡುಗನಿಗೆ ಹೋಗುತ್ತದೆ. ಸುಮ್ನೆ ಕೊಡುವುದಕ್ಕಿಂತ ಇದು ಜಾಸ್ತಿ ದೂರ ಹೋಗುತ್ತದೆ ಎಂದು ನನ್ನ ಅನಿಸಿಕೆ.

ಬೆಳಗಾವಿಗೆ ಹೋದಾಗ ಲಿಂಗರಾಜ ಕಾಲೇಜು ನೋಡಿ ಬನ್ನಿ. ಕೆಎಲ್‌ಇ (ಕರ್ನಾಟಕ ಲಿಂಗಾಯತ ಎಜುಕೇಷನ್) ಸಂಸ್ಥೆ 1933ರಲ್ಲಿ ಶುರು ಮಾಡಿದ ಆ ಕಾಲೇಜಿಗೆ ಇವರದೇ ಹೆಸರು.