ಸೋಯಾ, ಅವರೆ, ಕಡಲೆಕಾಯಿಯಿಂದ ಹೆಕ್ಸೇನ್ ಇಲ್ಲದೆ ಎಣ್ಣೆ ತೆಗೆಯಬಹುದೇ?

ಮಂಡ್ಯದ ಹತ್ತಿರ ಸಣ್ಣ ಘಟಕ ಹಾಕಬೇಕೆಂದಿದ್ದೀರಿ. ಪೆಟ್ರೋಲಿಯಂನಿಂದ ಬರುವ ಹೆಕ್ಸೇನ್ ಬೇಡ, ಪರಿಸರಕ್ಕೆ ಹಿತವಾದ ದ್ರಾವಕ (ಕಾಳಿನ ಎಣ್ಣೆಯನ್ನು ಕರಗಿಸಿ ಹೊರತೆಗೆಯುವ ದ್ರವ) ಯಾವುದು ಎಂದು ಕೇಳಿದ್ದೀರಿ. ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಎಣ್ಣೆಕಾಳುಗಳ ಕೆಲಸ ಮಾಡುತ್ತೇನೆ. ಅಂಥ ದ್ರಾವಕ ಬಳಸಬಹುದು, ಆದರೆ ಎಲ್ಲ ಕಾಳಿಗೂ ಅಲ್ಲ.

ಮೊದಲು ಅವರೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಅವರೆ, ಹುರುಳಿ, ತೊಗರಿ, ಅಲಸಂದೆಗಳಲ್ಲಿ ಎಣ್ಣೆ ಶೇ. 1–2ರ ಆಸುಪಾಸು, ಯಾವ ದ್ರಾವಕ ಹಾಕಿದರೂ ಖರ್ಚು ಹುಟ್ಟುವುದಿಲ್ಲ. ಹೊಂಗೆಯೂ ದ್ವಿದಳ ಜಾತಿಯ ಮರವೇ, ಬೀಜದಲ್ಲಿ ಎಣ್ಣೆಯೂ ಧಾರಾಳ, ಆದರೆ ಅದು ತಿನ್ನುವ ಎಣ್ಣೆಯಲ್ಲ. ಕಡಲೆಕಾಯಿ ಬೀಜದಲ್ಲಿ ಶೇ. 45–50 ಎಣ್ಣೆ ಇರುವುದರಿಂದ ಗಾಣವೇ ಸಾಕು. ದ್ರಾವಕದ ಮಾತು ನಿಜವಾಗಿ ಬರುವುದು ಶೇ. 18–20 ಎಣ್ಣೆಯಿರುವ ಸೋಯಾಕ್ಕೆ ಮತ್ತು ಗಾಣದಿಂದ ಹೊರಬಂದ ಹಿಂಡಿಗೆ. ಹಿಂಡಿಯಲ್ಲಿ ಶೇ. 7–8ರಷ್ಟಾದರೂ ಎಣ್ಣೆ ಉಳಿದಿರುತ್ತದೆ. ಹೆಕ್ಸೇನ್ ಅದನ್ನು ಶೇ. 1ಕ್ಕಿಂತ ಕೆಳಗೆ ಇಳಿಸುತ್ತದೆ. ಹೆಕ್ಸೇನನ್ನು ಬಿಡುವುದು ಕಾರ್ಖಾನೆಗಳಿಗೆ ಅಷ್ಟು ಕಷ್ಟವಾಗಿರುವುದು ಇದರಿಂದಲೇ.

ನಿಮ್ಮ ಊರಿಗೆ ಹೊಂದುವುದು ಎಥನಾಲ್ (ಮದ್ಯಸಾರ) ಎಂಬುದು ನನ್ನ ಅಭಿಪ್ರಾಯ. ಕಬ್ಬಿನ ಸೀಮೆಯಲ್ಲಿ ಕಾಕಂಬಿಯಿಂದ ತಯಾರಾಗುವ ಸರಕು ಅದು. ಹೆಕ್ಸೇನ್ ಆವಿಯಂತೆ ಕೆಲಸಗಾರರ ನರಗಳನ್ನು ಹಾಳುಮಾಡುವುದಿಲ್ಲ. ಹೊಸ ವಿಚಾರವೂ ಅಲ್ಲ, 1930ರ ದಶಕದಲ್ಲೇ ಮಂಚೂರಿಯಾದಲ್ಲಿ ಬಿಸಿ ಎಥನಾಲ್‌ನಿಂದ ಸೋಯಾ ಎಣ್ಣೆ ತೆಗೆದಿದ್ದಾರೆ.

ಅದರ ಮೇಲಿನ ಆಕ್ಷೇಪವೂ ಸಣ್ಣದಲ್ಲ. ಒಂದು ಕಿಲೋ ಎಥನಾಲನ್ನು ಆವಿಯಾಗಿಸಲು ಹೆಕ್ಸೇನ್‌ಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಬೇಕು. ಎಣ್ಣೆಯಿಂದ ದ್ರಾವಕವನ್ನೆಲ್ಲ ಕುದಿಸಿಯೇ ಬೇರ್ಪಡಿಸುತ್ತೇನೆಂದರೆ ಸೌದೆಯ ಲೆಕ್ಕದಲ್ಲೇ ಘಟಕ ಮುಳುಗುತ್ತದೆ. ಆದರೆ ಹಾಗೆ ಕುದಿಸಬೇಕಾಗಿಯೇ ಇಲ್ಲ. 78 ಡಿಗ್ರಿಯ ಕುದಿಬಿಂದುವಿನ ಹತ್ತಿರ ಎಥನಾಲ್ ಎಣ್ಣೆಯನ್ನು ಚೆನ್ನಾಗಿ ಕರಗಿಸಿಕೊಳ್ಳುತ್ತದೆ, ತಣಿದರೆ ಹಿಡಿದಿಟ್ಟುಕೊಳ್ಳಲಾರದು. ಸೋಸಿದ ಬಿಸಿ ದ್ರಾವಣವನ್ನು ಗಾಜಿನ ಪಾತ್ರೆಯಲ್ಲಿ ತಣಿಯಲು ಬಿಟ್ಟು ನೋಡಿ: ಸ್ಪಷ್ಟ ಹಳದಿಯಾಗಿದ್ದದ್ದು ಒಮ್ಮೆಲೇ ಮಬ್ಬಾಗುತ್ತದೆ, ಸಣ್ಣ ಹನಿಗಳು ಕೂಡಿಕೊಂಡು ತಳಕ್ಕೆ ಇಳಿಯುತ್ತವೆ, ಸ್ವಲ್ಪ ಹೊತ್ತಿನಲ್ಲಿ ಎರಡು ಪದರ. ನೀರಿನ ಮೇಲೆ ತೇಲುವ ಎಣ್ಣೆ ಇಲ್ಲಿ ಕೆಳಗೆ ನಿಲ್ಲುತ್ತದೆ, ಏಕೆಂದರೆ ಎಥನಾಲ್ ಅದಕ್ಕಿಂತ ಹಗುರ. ತಳದ ಎಣ್ಣೆಯನ್ನು ಇಳಿಸಿಕೊಂಡು, ಅದರಲ್ಲಿ ಉಳಿದ ಅಲ್ಪ ಎಥನಾಲನ್ನು ಮಾತ್ರ ಆವಿಯಾಗಿಸಿದರೆ ಸಾಕು. ಮೇಲಿನದನ್ನು ಮತ್ತೆ ಬಿಸಿಮಾಡಿ ಹೊಸ ಕಾಳಿಗೆ ಹಾಯಿಸಬಹುದು. ಈ ಮಾರ್ಗಕ್ಕೆ ಜೀವ ಇರುವುದೇ ಈ ತಣಿಸುವ ಹಂತದಲ್ಲಿ.

ಇದಕ್ಕೆ ನೀರೇ ಶತ್ರು. ಎಥನಾಲ್ ಕಾಳಿನ ತೇವವನ್ನು ಹೀರಿಕೊಳ್ಳುತ್ತದೆ, ನೀರು ಸೇರಿದಷ್ಟೂ ಎಣ್ಣೆ ಕರಗುವುದು ಕಡಿಮೆಯಾಗುತ್ತದೆ. ಸಾಧಾರಣ ಬಟ್ಟಿಯಿಂದ ಎಥನಾಲ್‌ನ ಶುದ್ಧತೆ ಶೇ. 95–96ರ ಮೇಲೆ ಹೋಗಲಾರದು, ಆದ್ದರಿಂದ ಕಾಳನ್ನು ಚೆನ್ನಾಗಿ ಒಣಗಿಸಿ, ತೆಳು ಅವಲಕ್ಕಿಯ ಹಾಗೆ ಚಪ್ಪಟೆಯಾಗಿ ಒತ್ತಿಕೊಳ್ಳಬೇಕು. ಸೋಯಾದ ಸಕ್ಕರೆಗಳೂ ಕೊಬ್ಬಿನ ಜಾತಿಯ ಅಂಟು ಪದಾರ್ಥಗಳಾದ ಫಾಸ್ಫೋಲಿಪಿಡ್‌ಗಳೂ ಮೇಲಿನ ಪದರದಲ್ಲಿ ಸೇರುತ್ತ ಹೋಗುವುದರಿಂದ ಆಗಾಗ ಅದರ ಒಂದು ಪಾಲನ್ನು ಬಟ್ಟಿ ಇಳಿಸಿ ಶುದ್ಧಮಾಡಲೇಬೇಕು. ಇದರಿಂದ ಒಂದು ಲಾಭವೂ ಇದೆ: ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳು ಹೋಗಿ, ಹಸಿವಾಸನೆ ಇಳಿದು, ಪ್ರೋಟೀನ್ ಹೆಚ್ಚಿದ ಹಿಟ್ಟು ಸಿಗುತ್ತದೆ. ನಾನಾಗಿದ್ದರೆ ಎಣ್ಣೆಗಿಂತ ಆ ಹಿಟ್ಟಿನ ಮಾರುಕಟ್ಟೆಯನ್ನೇ ಮೊದಲು ಹುಡುಕುತ್ತಿದ್ದೆ.

ಉಳಿದವುಗಳ ಬಗ್ಗೆ ಎರಡು ಮಾತು. 31 ಡಿಗ್ರಿ ಶಾಖ, 74 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ದಾಟಿದ ಇಂಗಾಲದ ಡೈಆಕ್ಸೈಡ್ ಬಹಳ ಶುದ್ಧ ಎಣ್ಣೆ ಕೊಡುತ್ತದೆ, ಆದರೆ ಕೆಲಸ ನಡೆಯುವುದು ನೂರಾರು ಬಾರ್‌ನಲ್ಲಿ. ಆ ಒತ್ತಡದ ಪಾತ್ರೆಗಳ ಬೆಲೆಗೆ ಅಡುಗೆ ಎಣ್ಣೆ ಸಾಟಿಯಲ್ಲ. 2-ಮೀಥೈಲ್‌ಆಕ್ಸೋಲೇನ್ ಎಂಬ ದ್ರಾವಕಕ್ಕೆ ಯೂರೋಪಿಯನ್ ಒಕ್ಕೂಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದನ್ನು ಕಬ್ಬಿನ ಸಿಪ್ಪೆಯಿಂದಲೂ ತಯಾರಿಸಬಹುದು ಎಂಬುದು ಮಂಡ್ಯದವರು ಗಮನಿಸಬೇಕಾದ ಸಂಗತಿ.

ದಯವಿಟ್ಟು ಇದನ್ನು ಮನೆಯ ಒಲೆಯಲ್ಲಿ ಪರೀಕ್ಷಿಸಬೇಡಿ. ಬಿಸಿ ಎಥನಾಲ್‌ನ ಆವಿ ಒಂದು ಸ್ವಿಚ್ಚಿನ ಕಿಡಿಗೂ ಹತ್ತಿಕೊಳ್ಳುತ್ತದೆ; ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಎಥನಾಲ್ ದಾಸ್ತಾನಿಗೆ ಅಬಕಾರಿ ಇಲಾಖೆಯ ಅನುಮತಿ ಬೇಕು, ಆ ದ್ರಾವಕದಿಂದ ತೆಗೆದ ಎಣ್ಣೆಯನ್ನು ಮಾರಲು ಆಹಾರ ಸುರಕ್ಷತಾ ನಿಯಮ ಏನು ಹೇಳುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಿ. ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಗೆ ಒಮ್ಮೆ ಬಂದು ತಜ್ಞರೊಡನೆ ಮಾತನಾಡಿ. ಯಂತ್ರ ಮಾರುವವರು ಎಷ್ಟು ಎಣ್ಣೆ ಬರುತ್ತದೆಂದು ತಾವಾಗಿಯೇ ಹೇಳುತ್ತಾರೆ. ನೀವು ಕೇಳಬೇಕಾದದ್ದು, ಒಂದು ಟನ್ ಸೋಯಾಕ್ಕೆ ಎಷ್ಟು ಲೀಟರ್ ಎಥನಾಲ್ ವಾಪಸು ಬರದೆ ಹೋಗುತ್ತದೆ ಎಂಬುದನ್ನು.