ಬಾಡಿಗೆ ಮನೆಯಲ್ಲಿ ಎಷ್ಟು ಜನ ಇರಬಹುದು?

ಅಮೆರಿಕದಲ್ಲಿ ಒಂದೆರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಮನೆಯಲ್ಲಿ ಇಷ್ಟೇ ಜನ ಇರಬೇಕು, ಇಂಥವರೇ ಇರಬೇಕು ಎಂದು ಹೇಳುವ ಅಧಿಕಾರ ಮಾಲೀಕರಿಗೆ ಎಲ್ಲಿಯವರೆಗೆ ಇದೆ ಎಂಬುದೇ ಐದೂ ಪತ್ರಗಳ ಪ್ರಶ್ನೆ.

ಪ್ರಶ್ನೆ: ನಮ್ಮದು ನಾಲ್ಕು ಮನೆಗಳ ಕಟ್ಟಡ, ನಾವು ಅಲ್ಲಿ ವಾಸವಾಗಿಲ್ಲ. ಎರಡು ಬೆಡ್‌ರೂಮಿನ ಮನೆಯೊಂದನ್ನು ಕೇಳಿಕೊಂಡು ಗಂಡ, ಹೆಂಡತಿ ಮತ್ತು ಮೂವರು ಚಿಕ್ಕ ಮಕ್ಕಳ ಕುಟುಂಬ ಬಂದಿತ್ತು. ‘ಬೆಡ್‌ರೂಮಿಗೆ ಇಬ್ಬರಂತೆ ನಾಲ್ವರು, ಅದು ಫೆಡರಲ್ ಕಾನೂನು’ ಎಂದು ಹೇಳಿ ಕಳುಹಿಸಿದೆ. ಈಗ ಅವರು ದೂರು ಕೊಡುವುದಾಗಿ ಹೇಳುತ್ತಿದ್ದಾರೆ. ನಾನು ಮಾಡಿದ್ದರಲ್ಲಿ ತಪ್ಪೇನಿದೆ?

ಉತ್ತರ: ಮೊದಲನೆಯದಾಗಿ, ನೀವು ಹೇಳಿದ ಫೆಡರಲ್ ಕಾನೂನು ಇಲ್ಲ. ಇರುವುದು ಫೇರ್ ಹೌಸಿಂಗ್ ಆ್ಯಕ್ಟ್. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಇದಕ್ಕೆ ಸಹಿ ಹಾಕಿದರು. ಆಗ ಜನಾಂಗ, ಬಣ್ಣ, ಧರ್ಮ ಮತ್ತು ರಾಷ್ಟ್ರೀಯ ಮೂಲದ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸಲಾಗಿತ್ತು. 1974ರಲ್ಲಿ ಲಿಂಗವನ್ನೂ, 1988ರ ತಿದ್ದುಪಡಿಯಲ್ಲಿ ಅಂಗವೈಕಲ್ಯ ಮತ್ತು ಕೌಟುಂಬಿಕ ಸ್ಥಿತಿಯನ್ನೂ ಸೇರಿಸಲಾಯಿತು. ಕೌಟುಂಬಿಕ ಸ್ಥಿತಿ ಎಂದರೆ 18 ವರ್ಷದೊಳಗಿನ ಮಕ್ಕಳು ತಂದೆತಾಯಿಯ ಅಥವಾ ಪೋಷಕರ ಜೊತೆ ಇರುವುದು; ಗರ್ಭಿಣಿಯರಿಗೂ ಇದೇ ರಕ್ಷಣೆ ಇದೆ. ನಿಮ್ಮ ಮನೆ ನೋಡಲು ಬಂದವರು ಈ ರಕ್ಷಣೆಯೊಳಗೇ ಬರುತ್ತಾರೆ.

ಹಾಗಾದರೆ ‘ಬೆಡ್‌ರೂಮಿಗೆ ಇಬ್ಬರು’ ಎಂಬ ಮಾತು ಎಲ್ಲಿಂದ ಬಂತು? 1991ರ ಮಾರ್ಚ್ 20ರಂದು, ‘ಹಡ್’ ಎಂದು ಎಲ್ಲರೂ ಕರೆಯುವ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ಅಂದಿನ ಕಾನೂನು ಮುಖ್ಯಸ್ಥ ಫ್ರಾಂಕ್ ಕೀಟಿಂಗ್ ತಮ್ಮ ಅಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದರು. 1998ರಲ್ಲಿ ಇಲಾಖೆ ಅದನ್ನೇ ತನ್ನ ನೀತಿಯಾಗಿ ಪ್ರಕಟಿಸಿತು. ಬೆಡ್‌ರೂಮಿಗೆ ಇಬ್ಬರು ಎಂಬ ಮಿತಿ ಸಾಮಾನ್ಯವಾಗಿ ಸಮಂಜಸ ಎಂದು ಅದರಲ್ಲಿರುವುದು ನಿಜ. ಆದರೆ ಆ ಮಾತನ್ನು ಮಾತ್ರ ಹಿಡಿದುಕೊಂಡು ಮುಂದಿನದನ್ನು ಓದದೆ ಬಿಡುವವರೇ ಹೆಚ್ಚು. ಕೋಣೆಗಳೂ ಇಡೀ ಮನೆಯೂ ಎಷ್ಟು ದೊಡ್ಡವು, ಮಕ್ಕಳ ವಯಸ್ಸೆಷ್ಟು, ಓದುವ ಕೋಣೆಯಂತೆ ಬಳಸಬಹುದಾದ ಬೇರೆ ಜಾಗವಿದೆಯೇ, ಒಳಚರಂಡಿ ಅಥವಾ ಸೆಪ್ಟಿಕ್ ವ್ಯವಸ್ಥೆ ಎಷ್ಟು ಜನರನ್ನು ತಾಳುತ್ತದೆ, ರಾಜ್ಯ ಮತ್ತು ನಗರದ ನಿಯಮಗಳು ಏನು ಹೇಳುತ್ತವೆ ಎಂಬುದನ್ನೆಲ್ಲ ನೋಡಿಯೇ ತೀರ್ಮಾನಿಸಬೇಕು ಎಂದು ಅದೇ ಟಿಪ್ಪಣಿ ಹೇಳುತ್ತದೆ. ತಂದೆತಾಯಿಯ ಕೋಣೆಯಲ್ಲಿ ಮಲಗುವ ಹಸುಗೂಸನ್ನೂ ಹದಿಹರೆಯದ ಮಗನನ್ನೂ ಒಂದೇ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಾಲೀಕರು ಮಕ್ಕಳ ಬಗ್ಗೆ ಏನು ಮಾತಾಡಿದರು, ಹಿಂದೆ ಎಂಥ ನಿಯಮ ಮಾಡಿದ್ದರು ಎಂಬುದನ್ನೂ ಪರಿಶೀಲಿಸುತ್ತಾರೆ.

ಆದ್ದರಿಂದ ನಿಮಗೆ ನನ್ನ ಸಲಹೆ ಇದು: ಅಳತೆ ಟೇಪು ತೆಗೆದುಕೊಂಡು ಆ ಮನೆಗೆ ಹೋಗಿ. ಅನೇಕ ನಗರಗಳು ಅಳವಡಿಸಿಕೊಂಡಿರುವ ಇಂಟರ್‌ನ್ಯಾಷನಲ್ ಪ್ರಾಪರ್ಟಿ ಮೇಂಟೆನೆನ್ಸ್ ಕೋಡ್ ಪ್ರಕಾರ ಬೆಡ್‌ರೂಮ್ ಕನಿಷ್ಠ 70 ಚದರ ಅಡಿ ಇರಬೇಕು. ಒಬ್ಬರಿಗಿಂತ ಹೆಚ್ಚು ಜನ ಮಲಗುವುದಾದರೆ ತಲಾ 50 ಚದರ ಅಡಿ ಬೇಕು. ಗೋಡೆಯೊಳಗಿನ ಕ್ಲಾಸೆಟ್ ಈ ಲೆಕ್ಕಕ್ಕೆ ಸೇರುವುದಿಲ್ಲ. ದೊಡ್ಡ ಕೋಣೆ 12 ಅಡಿ ಅಗಲ, 14 ಅಡಿ ಉದ್ದ ಇದ್ದರೆ 168 ಚದರ ಅಡಿಯಾಯಿತು, ಅಂದರೆ ಮೂವರು ಮಲಗಬಹುದು. ಚಿಕ್ಕ ಕೋಣೆ 10ಕ್ಕೆ 11 ಇದ್ದರೆ 110 ಚದರ ಅಡಿ, ಅಲ್ಲಿ ಇಬ್ಬರು. ಇಷ್ಟು ಅಳತೆಯ ಮನೆಯಾದರೆ ನೀವು ಹಿಂದಕ್ಕೆ ಕಳುಹಿಸಿದ ಐವರಿಗೂ ಕೋಡ್ ಪ್ರಕಾರವೇ ಅಲ್ಲಿ ಮಲಗಲು ಜಾಗವಿದೆ. ಹೀಗಿರುವಾಗ ನಾಲ್ವರ ಮಿತಿಯನ್ನು ಸಮರ್ಥಿಸಿಕೊಳ್ಳಲು ನಿಮ್ಮಲ್ಲಿ ಬೇರೆ ಗಟ್ಟಿಯಾದ ಕಾರಣ ಇರಬೇಕಾಗುತ್ತದೆ. ನಿಮ್ಮ ನಗರ ಈ ಕೋಡನ್ನು ತಿದ್ದಿಕೊಂಡಿರಬಹುದು. ನಗರದ ಕಟ್ಟಡ ವಿಭಾಗಕ್ಕೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ರಾಜ್ಯಗಳ ಲೆಕ್ಕವೂ ಒಂದೇ ಅಲ್ಲ: ಟೆಕ್ಸಸ್‌ನ ಕಾನೂನು ಬೆಡ್‌ರೂಮಿಗೆ ಮೂವರು ವಯಸ್ಕರವರೆಗೆ ಬಿಡುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಬೆಡ್‌ರೂಮಿಗೆ ಇಬ್ಬರು, ಅದರ ಮೇಲೆ ಇಡೀ ಮನೆಗೆ ಇನ್ನೊಬ್ಬರು ಎಂಬ ಮಾರ್ಗಸೂಚಿ ಬಳಕೆಯಲ್ಲಿದೆ.

ಮನೆ ಇನ್ನೂ ಖಾಲಿ ಇದ್ದರೆ ಆ ಕುಟುಂಬವನ್ನು ಮತ್ತೆ ಕರೆಯಿರಿ, ಉಳಿದವರ ಅರ್ಜಿಯನ್ನು ಪರಿಶೀಲಿಸುವಂತೆಯೇ ಅವರ ವರಮಾನವನ್ನೂ ಹಿಂದಿನ ಬಾಡಿಗೆ ದಾಖಲೆಯನ್ನೂ ಪರಿಶೀಲಿಸಿ. ಹಡ್‌ಗೆ ದೂರು ಕೊಡಲು ಅವರಿಗೆ ಒಂದು ವರ್ಷ, ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷ ಅವಕಾಶವಿದೆ; ಮೊದಲ ಉಲ್ಲಂಘನೆಗೇ ದಂಡ 20 ಸಾವಿರ ಡಾಲರ್ ಮೀರಬಹುದು. ದಂಡದ ಮಾತು ಹಾಗಿರಲಿ, ಮೂವರು ಮಕ್ಕಳನ್ನು ಕಟ್ಟಿಕೊಂಡು ಮನೆಯಿಂದ ಮನೆಗೆ ಅಲೆಯುತ್ತಿರುವವರನ್ನು ಇಲ್ಲದ ಕಾನೂನೊಂದನ್ನು ತೋರಿಸಿ ಕಳುಹಿಸಿದಿರಲ್ಲ, ಮೊದಲು ಸರಿಪಡಿಸಬೇಕಾದದ್ದು ಅದನ್ನು.

ಪ್ರಶ್ನೆ: ಗಂಡು ಮಗು ಮತ್ತು ಹೆಣ್ಣು ಮಗುವಿಗೆ ಬೇರೆ ಬೇರೆ ಕೋಣೆ ಇರಬೇಕೆಂದು ಕರಾರಿನಲ್ಲಿ ಬರೆಯಬಹುದೇ? ಚಿಕ್ಕ ಮಕ್ಕಳಿರುವವರಿಗೆ ಸುರಕ್ಷತೆಯ ದೃಷ್ಟಿಯಿಂದ ಕೆಳಮಹಡಿಯ ಮನೆಯನ್ನಷ್ಟೇ ತೋರಿಸುತ್ತೇನೆ. ಅದು ಸರಿ ತಾನೆ?

ಉತ್ತರ: ಎರಡೂ ಸರಿಯಲ್ಲ. ಯಾವ ಕೋಣೆಯಲ್ಲಿ ಯಾರು ಮಲಗಬೇಕು ಎಂಬುದು ತಂದೆತಾಯಿಗೆ ಬಿಟ್ಟದ್ದು. ಖಾಲಿ ಇರುವ ಮನೆಗಳನ್ನೆಲ್ಲ ತೋರಿಸಿ, ಆಯ್ಕೆಯನ್ನು ಅವರಿಗೆ ಬಿಡಿ. ಉದ್ದೇಶ ಒಳ್ಳೆಯದಿದ್ದರೂ, ಮಕ್ಕಳಿರುವವರನ್ನು ಒಂದು ಮಹಡಿಯ ಕಡೆಗೇ ತಿರುಗಿಸುವುದನ್ನು ಕಾನೂನು ತಾರತಮ್ಯವೆಂದೇ ನೋಡುತ್ತದೆ. ಮೇಲಿನ ಕಿಟಕಿಗಳ ಬಗ್ಗೆ ನಿಜಕ್ಕೂ ಆತಂಕವಿದ್ದರೆ ಅವುಗಳಿಗೆ ಗಾರ್ಡ್ ಹಾಕಿಸಿ. ಬೆಂಕಿ ಬಿದ್ದಾಗ ಒಳಗಿನಿಂದ ತೆರೆಯಲು ಬರುವಂಥದ್ದೇ ಆಗಿರಲಿ.

ಪ್ರಶ್ನೆ: ನಮ್ಮದು ಎರಡು ಮನೆಗಳ ಕಟ್ಟಡ. ಮೇಲಿನದರಲ್ಲಿ ನಾವಿದ್ದೇವೆ. ‘ಕೆಳಗಿನ ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿ ಕನ್ನಡ ಕುಟುಂಬಕ್ಕೆ ಮಾತ್ರ, ಮಕ್ಕಳಿಲ್ಲದ ದಂಪತಿಗೆ ಆದ್ಯತೆ’ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಿದ್ದೆವು. ಮಾಲೀಕರೇ ವಾಸವಾಗಿರುವ ಚಿಕ್ಕ ಕಟ್ಟಡಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಮಾಲೀಕರು ತಾವೇ ವಾಸವಾಗಿರುವ, ನಾಲ್ಕಕ್ಕಿಂತ ಹೆಚ್ಚು ಮನೆಗಳಿಲ್ಲದ ಕಟ್ಟಡಕ್ಕೆ ಫೆಡರಲ್ ಕಾನೂನಿನಲ್ಲಿ ವಿನಾಯಿತಿ ಇದೆ; ವಕೀಲರು ಅದನ್ನು ‘ಮಿಸೆಸ್ ಮರ್ಫಿ ವಿನಾಯಿತಿ’ ಎನ್ನುತ್ತಾರೆ. ಮೂರಕ್ಕಿಂತ ಹೆಚ್ಚು ಒಂಟಿ ಮನೆಗಳಿಲ್ಲದ ಮಾಲೀಕರು ಬ್ರೋಕರ್ ಇಲ್ಲದೆ ಬಾಡಿಗೆಗೆ ಕೊಟ್ಟಾಗಲೂ ಷರತ್ತುಗಳೊಂದಿಗೆ ಇಂಥದೇ ವಿನಾಯಿತಿ ಸಿಗುತ್ತದೆ. ಆದರೆ ಜಾಹೀರಾತಿಗೆ ಈ ವಿನಾಯಿತಿ ಇಲ್ಲ. ಇಂಥವರು ಬೇಕು, ಇಂಥವರು ಬೇಡ ಎಂದು ಬರೆದರೆ ಅಥವಾ ಬಾಯಲ್ಲಿ ಹೇಳಿದರೆ ಎರಡು ಮನೆಗಳ ಮಾಲೀಕರೂ ಸಿಕ್ಕಿಬೀಳುತ್ತಾರೆ, ವಾಟ್ಸ್‌ಆ್ಯಪ್ ಗುಂಪಾದರೂ ಅಷ್ಟೇ. ಜನಾಂಗದ ವಿಷಯದಲ್ಲಂತೂ 1866ರ ನಾಗರಿಕ ಹಕ್ಕುಗಳ ಕಾಯ್ದೆ ಯಾರಿಗೂ ವಿನಾಯಿತಿ ಕೊಡುವುದಿಲ್ಲ; ಅದು ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ತೀರ್ಪು ಕೊಟ್ಟಿದೆ. ಜೊತೆಗೆ, ಫೆಡರಲ್ ಕಾನೂನು ಬಿಟ್ಟುಕೊಟ್ಟದ್ದನ್ನು ಹಲವು ರಾಜ್ಯಗಳು ಬಿಟ್ಟುಕೊಟ್ಟಿಲ್ಲ.

ನಿಮ್ಮ ಜಾಹೀರಾತನ್ನೇ ನೋಡೋಣ. ‘ಕನ್ನಡ ಕುಟುಂಬಕ್ಕೆ ಮಾತ್ರ’ ಎಂಬುದು ರಾಷ್ಟ್ರೀಯ ಮೂಲಕ್ಕೆ ತಾಗುತ್ತದೆ. ‘ಮಕ್ಕಳಿಲ್ಲದ ದಂಪತಿ’ ಎಂಬುದು ಕೌಟುಂಬಿಕ ಸ್ಥಿತಿಗೆ. ಆಹಾರ ಪದ್ಧತಿ ಈ ಕಾನೂನಿನ ಏಳು ಆಧಾರಗಳಲ್ಲಿ ಇಲ್ಲವಾದರೂ, ‘ಸಸ್ಯಾಹಾರಿ’ ಎಂಬ ಮಾತು ಧರ್ಮವನ್ನೋ ಮೂಲವನ್ನೋ ಸೋಸುವ ಜರಡಿಯಾಗಿ ಬಳಕೆಯಾಗುತ್ತಿದೆ ಎಂದು ಕಂಡರೆ ಅದನ್ನು ಪ್ರಶ್ನಿಸಲು ಅವಕಾಶವಿದೆ. ಜಾಹೀರಾತಿನಲ್ಲಿ ಮನೆಯನ್ನು ವರ್ಣಿಸಿ, ಬರುವವರನ್ನಲ್ಲ: ಎರಡು ಬೆಡ್‌ರೂಮ್, ಕೆಳಮಹಡಿ, ಇಷ್ಟು ಚದರ ಅಡಿ, ಬಾಡಿಗೆ ಇಷ್ಟು, ಧೂಮಪಾನಕ್ಕೆ ಅವಕಾಶವಿಲ್ಲ.

ನಮ್ಮವರೇ ಬರಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಪರದೇಶದಲ್ಲಿ ಕೆಳಗಿನ ಮನೆಯಿಂದ ಕನ್ನಡ ಕೇಳಿಸಿದರೆ ಆಗುವ ಸಂತೋಷವೇ ಬೇರೆ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನಾನು ಕಂಡಿದ್ದೇನೆ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಮನೆಯೊಂದನ್ನು ನೋಡಲು ಹೋದಾಗ, ಬಾಗಿಲು ತೆರೆದ ಮಾಲೀಕರು ನಗುತ್ತಲೇ ಮಾತು ಶುರು ಮಾಡಿದರು. ನನ್ನ ಕೈಯಲ್ಲಿದ್ದ ಕಾರ್ ಸೀಟಿನಲ್ಲಿ ಮಗು ಮಲಗಿರುವುದನ್ನು ಕಂಡ ಮೇಲೆ, ಮನೆ ನಿನ್ನೆಯೇ ಹೋಯಿತು ಎಂದರು. ‘ಬಾಡಿಗೆಗೆ ಇದೆ’ ಎಂಬ ಫಲಕ ಇನ್ನೂ ಎರಡು ವಾರ ಅಲ್ಲಿಯೇ ಇತ್ತು. ನಮ್ಮ ಗುಂಪಿನಲ್ಲಿ ಅಕ್ಕರೆಯಿಂದ ಬರೆಯುವ ‘ಮಾತ್ರ’ ಎಂಬ ಪದ ಹೊರಗಿರುವವರಿಗೆ ಆ ಫಲಕದ ಹಾಗೆಯೇ ಕಾಣುತ್ತದೆ.

ಪ್ರಶ್ನೆ: ರಕ್ತಸಂಬಂಧ ಅಥವಾ ವಿವಾಹ ಸಂಬಂಧವಿಲ್ಲದ ಐವರಿಗಿಂತ ಹೆಚ್ಚು ಜನ ಒಂದೇ ಮನೆಯಲ್ಲಿ ಇರಬಾರದೆಂದು ನಮ್ಮ ಊರಿನ ವಲಯ ನಿಯಮ ಹೇಳುತ್ತದೆ. ಮದ್ಯವ್ಯಸನದಿಂದ ಚೇತರಿಸಿಕೊಳ್ಳುತ್ತಿರುವ ಎಂಟು ಜನರಿಗಾಗಿ ಸಂಸ್ಥೆಯೊಂದು ನಮ್ಮ ದೊಡ್ಡ ಮನೆಯನ್ನು ಕೇಳುತ್ತಿದೆ. ಊರಿನ ನಿಯಮವಿರುವುದರಿಂದ ನಿರಾಕರಿಸಿದರೆ ಸಾಕಲ್ಲವೇ?

ಉತ್ತರ: ಹೆಚ್ಚುಕಡಿಮೆ ಇದೇ ಪ್ರಶ್ನೆ ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮನೆಯ ವಿಸ್ತೀರ್ಣಕ್ಕೆ ತಕ್ಕಂತೆ ಎಲ್ಲರಿಗೂ ಅನ್ವಯಿಸುವ ಜನಸಂಖ್ಯೆಯ ಮಿತಿಗೆ ಮಾತ್ರ ಫೇರ್ ಹೌಸಿಂಗ್ ಆ್ಯಕ್ಟ್‌ನಿಂದ ವಿನಾಯಿತಿ, ಕುಟುಂಬ ಎಂದರೆ ಯಾರು ಎಂದು ವ್ಯಾಖ್ಯಾನಿಸುವ ನಿಯಮಕ್ಕೆ ಆ ವಿನಾಯಿತಿ ಇಲ್ಲ ಎಂದು 1995ರಲ್ಲಿ ತೀರ್ಪು ಬಂತು. ಸಂಬಂಧಿಕರಾದರೆ ಹತ್ತು ಜನರೂ ಇರಬಹುದು, ಸಂಬಂಧವಿಲ್ಲದಿದ್ದರೆ ಆರು ಜನರೂ ಇರಬಾರದು ಎಂದಾದರೆ, ಅದು ಜನದಟ್ಟಣೆಯನ್ನು ತಡೆಯುವ ನಿಯಮ ಹೇಗಾದೀತು? ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಅಂಗವೈಕಲ್ಯದ ಅಡಿಯಲ್ಲಿ ರಕ್ಷಣೆ ಸಿಗಬಹುದು; ಆಗ ನಿಯಮದಲ್ಲಿ ಸಮಂಜಸವಾದ ಸಡಿಲಿಕೆಯನ್ನು ಊರಿನ ಆಡಳಿತದಿಂದ ಕೇಳುವ ಹಕ್ಕೂ ಅವರಿಗಿದೆ. ಆದ್ದರಿಂದ ತಕ್ಷಣ ನಿರಾಕರಿಸಬೇಡಿ. ಸಂಸ್ಥೆಯವರು ಆ ಅರ್ಜಿ ಹಾಕಲಿ, ನೀವು ಸ್ಥಳೀಯ ವಕೀಲರನ್ನು ಒಮ್ಮೆ ಕಾಣಿ.

ಪ್ರಶ್ನೆ: ಕರಾರಿನಲ್ಲಿ ನಾಲ್ವರು ಎಂದಿದೆ. ಬಾಡಿಗೆದಾರರಿಗೆ ಈಗ ಮೂರನೆಯ ಮಗು ಹುಟ್ಟಿದೆ. ಬಾಣಂತನಕ್ಕೆಂದು ಭಾರತದಿಂದ ಅಜ್ಜಿ, ತಾತ ಆರು ತಿಂಗಳಿಗೆ ಬರುತ್ತಿದ್ದಾರೆ. ಹೆಚ್ಚುವರಿ ಬಾಡಿಗೆ ಕೇಳಬಹುದೇ, ಮನೆ ಖಾಲಿ ಮಾಡಿಸಬಹುದೇ?

ಉತ್ತರ: ಮಗು ಹುಟ್ಟಿತೆಂದು ನೋಟಿಸ್ ಕೊಡಬೇಡಿ, ಮಗುವಿನ ಹೆಸರಿನಲ್ಲಿ ಬಾಡಿಗೆಯನ್ನೋ ಠೇವಣಿಯನ್ನೋ ಏರಿಸಬೇಡಿ, ಎರಡೂ ಕೌಟುಂಬಿಕ ಸ್ಥಿತಿಯ ತಾರತಮ್ಯಕ್ಕೆ ನೇರವಾಗಿ ಗುರಿಯಾಗುತ್ತವೆ. ಹಿರಿಯರ ವಿಷಯ ಬೇರೆ. ಅವರು ಅತಿಥಿಗಳು, ಹಾಗಾಗಿ ಕರಾರಿನಲ್ಲಿ ಅತಿಥಿಗಳ ಬಗ್ಗೆ ಏನಿದೆ ಎಂದು ನೋಡಬೇಕು. ಇಷ್ಟು ದಿನಗಳ ನಂತರ ಮಾಲೀಕರ ಒಪ್ಪಿಗೆ ಬೇಕು ಎಂಬ ಷರತ್ತು ಇರಬಹುದು. ಆದರೆ ಅದನ್ನು ಎಲ್ಲ ಬಾಡಿಗೆದಾರರಿಗೂ ಒಂದೇ ಸಮನಾಗಿ ಅನ್ವಯಿಸಿರಬೇಕು. ಪಕ್ಕದ ಮನೆಯವರ ತಾಯಿ ಬೇಸಿಗೆಯಿಡೀ ಇದ್ದಾಗ ಸುಮ್ಮನಿದ್ದು, ಭಾರತದಿಂದ ಬಂದವರಿಗೆ ಮಾತ್ರ ಷರತ್ತನ್ನು ನೆನಪಿಸಿದರೆ, ರಾಷ್ಟ್ರೀಯ ಮೂಲದ ಪ್ರಶ್ನೆ ಏಳುತ್ತದೆ.

ಏಳು ಜನರಿಗೆ ಮನೆಯಲ್ಲಿ ಜಾಗವಿದೆಯೇ ಎಂಬುದನ್ನು ಮೊದಲ ಉತ್ತರದಲ್ಲಿ ಹೇಳಿದ ಅಳತೆಯಿಂದಲೇ ನೋಡಿ. ಅಡುಗೆಮನೆಯಲ್ಲಿ, ಅಥವಾ ಬೆಂಕಿ ಬಿದ್ದರೆ ಹೊರಬರಲು ತಕ್ಕ ಕಿಟಕಿಯಿಲ್ಲದ ಬೇಸ್‌ಮೆಂಟಿನಲ್ಲಿ ಯಾರೂ ಮಲಗಬಾರದು ಎಂದು ಖಂಡಿತವಾಗಿ ಹೇಳಿ. ಅದು ಯಾರ ಮೇಲಿನ ತಾರತಮ್ಯವೂ ಅಲ್ಲ. ಜಾಗ ಸಾಲುವಂತಿದ್ದರೆ, ಹಿರಿಯರು ಬರುವ ಮತ್ತು ಹೊರಡುವ ತಾರೀಕುಗಳನ್ನು ನಮೂದಿಸಿ ಒಂದು ಪುಟದ ಒಪ್ಪಿಗೆ ಪತ್ರ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ನಾಳೆ ಇನ್ನೊಂದು ಮನೆಯವರು ಬಂದು ಇದನ್ನೇ ಕೇಳಿದಾಗ, ಅದೇ ನಮೂನೆಯ ಪತ್ರವನ್ನೇ ಅವರ ಮುಂದೆಯೂ ಇಡಿ.